ಎರಡು ಬಡಿತ, ತಡೆದು ಒಂದು

ಹೊನ್ನರಾಳದ ಚಿನ್ನದ ಗಣಿಗೆ ಕಿವಿ ಬಂದ ಮೇಲೆ ಅಲ್ಲಿಯ ಹೆಂಗಸರು ಓಡುವುದನ್ನು ಮರೆತರು.

ಮೊದಲೆಲ್ಲ ಹಾಗಿರಲಿಲ್ಲ. ಆಳದಲ್ಲಿ ಎಲ್ಲೋ ಬಂಡೆ ಸಿಡಿದರೆ ಮೇಲೆ ಕಾಲೊನಿಯ ಮನೆಗಳಲ್ಲಿ ಗೂಟಕ್ಕೆ ತೂಗುಹಾಕಿದ ಸೌಟುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ಅಷ್ಟು ಸಾಕು, ಹೆಂಚಿನ ಮೇಲಿನ ರೊಟ್ಟಿಯನ್ನು ಹೆಂಚಿನ ಮೇಲೇ ಬಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹೆಂಗಸರು ಗಣಿಯ ಬಾಯಿಗೆ ಓಡುತ್ತಿದ್ದರು. ಲಿಫ್ಟು ಮೇಲೆ ಬಂದಾಗಲೆಲ್ಲ ಕರಿ ಮುಖಗಳ ನಡುವೆ ತಮ್ಮವನ ಮುಖ ಹುಡುಕುತ್ತಿದ್ದರು. ಸಿಕ್ಕಿದವರು ಅಲ್ಲೇ ಬೈಯಲು ಶುರುಮಾಡುತ್ತಿದ್ದರು. ಸಿಗದವರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಆಮೇಲೆ ಕಿವಿ ಬಂತು. ಬಂಡೆಯೊಳಗೆ ತೂತು ಕೊರೆದು, ಗಣಿಯ ಉದ್ದಗಲಕ್ಕೂ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಎಳೆದರು. ಎಳೆಯೊಳಗೆ ಸದಾ ಬೆಳಕು ಹರಿಯುತ್ತದೆ. ಬಂಡೆ ಎಲ್ಲಿ ಕಿರ್ರೆಂದರೂ ಎಳೆ ನಡುಗಿ ಬೆಳಕು ಅದುರುತ್ತದೆ. ಆ ಅದುರನ್ನು ಓದಿ ಯಂತ್ರವು ಯಾವ ಸುರಂಗದ ಯಾವ ಮೂಲೆ ಬಿರುಕು ಬಿಡುತ್ತಿದೆ, ಇನ್ನೆಷ್ಟು ಹೊತ್ತಿಗೆ ಕುಸಿದೀತು ಎಂದು ಹೇಳುತ್ತದೆ. ಕಾಗದದ ಮೇಲೆ ಅದಕ್ಕೆ ಉದ್ದನೆಯ ಹೆಸರಿತ್ತು. ಕಾಲೊನಿಯವರು ‘ದೊಡ್ಡಕಿವಿ’ ಎಂದರು, ಅದೇ ಉಳಿಯಿತು. ಪ್ರತಿ ಮನೆಯ ಗೋಡೆಗೂ, ಕೆಳಗೆ ಪ್ರತಿ ಸುರಂಗಕ್ಕೂ ಒಂದು ಪುಟ್ಟ ದೀಪ ಕೂಡಿಸಿದರು. ಹಸಿರಿದ್ದರೆ ಗಣಿ ಶಾಂತ. ಹಳದಿ ಬಂದರೆ ಮೇಲೆ ಬರಲು ಅರ್ಧ ತಾಸು ಸಮಯವಿದೆ. ಕೆಂಪಾದರೆ ಇದ್ದಲ್ಲಿಂದ ಓಡಬೇಕು.

ದೊಡ್ಡಕಿವಿ ಬಂದ ಮೇಲೆ ಬಹಳ ಕಾಲ ಗಣಿಯಲ್ಲಿ ಒಂದು ಸಾವೂ ಆಗಲಿಲ್ಲ. ಸೌಟು ಅಲುಗಾಡಿದರೆ ಹೆಂಗಸರು ಗೋಡೆಯ ಕಡೆ ನೋಡಿ, ಹಸಿರು ಕಂಡು, ರೊಟ್ಟಿ ಮಗುಚಿ ಹಾಕುತ್ತಿದ್ದರು. ಕೆಳಗಿನ ಗಂಡಸರಂತೂ ಇನ್ನೂ ಒಂದು ಕೈ ಮುಂದೆ. ಹಳದಿ ಬಂದರೆ ಚಹಾ ಮುಗಿಸಿ ಎದ್ದರಾಯಿತು ಎನ್ನುವುದು ಅಲ್ಲಿಯ ತಮಾಷೆಯಾಗಿತ್ತು. ತಮಾಷೆ ಬರಬರುತ್ತ ಪದ್ಧತಿಯಾಯಿತು.

ದೊಡ್ಡಕಿವಿಗೆ ಪಾಠ ಹೇಳುವ ಕೆಲಸ ಪಂಪಾವತಿಯದು. ಡಿಪ್ಲೊಮಾ ಮುಗಿಸಿ ನಿಯಂತ್ರಣ ಕೊಠಡಿಗೆ ಸೇರಿದವಳು. ಯಾವ ಸದ್ದು ಬಿರುಕು, ಯಾವುದು ಪಂಪು, ಯಾವುದು ಬಂಡಿಯ ಗಾಲಿ ಎಂದು ಅವಳು ಹೇಳಿಕೊಟ್ಟರೆ ಯಂತ್ರ ಕಲಿಯುತ್ತಿತ್ತು. ಅವಳ ಗಂಡ ಹುಲುಗಪ್ಪ ಅದೇ ಗಣಿಯ ತಳದಲ್ಲಿ ಬಂಡೆ ಕೊರೆಯುವವನು. ಗಂಡ ಕೆಳಗೆ ಸದ್ದು ಮಾಡುವುದು, ಹೆಂಡತಿ ಮೇಲೆ ಕೂತು ಕೇಳುವುದು, ಇವರ ಸಂಸಾರವೇ ಹೀಗೆ ಎಂದು ಕಾಲೊನಿಯವರು ಛೇಡಿಸುತ್ತಿದ್ದರು.

ಆ ಗಣಿಯಲ್ಲಿ ಒಂದು ರೂಢಿಯಿತ್ತು. ಹಳೇ ಸುರಂಗದ ಬಾಯಲ್ಲಿ ದುರುಗಮ್ಮನ ಗೂಡಿದೆ. ಕೆಲಸಕ್ಕೆ ಇಳಿದವರು ಹಿಂದೂ ಇರಲಿ ಮುಸಲ್ಮಾನ ಇರಲಿ, ಗೂಡಿನ ಪಕ್ಕದ ಬಂಡೆಗೆ ಸಲಾಕೆಯಿಂದ ಬಡಿದೇ ಮುಂದೆ ಹೋಗಬೇಕು. ಎರಡು ಬಡಿತ, ತಡೆದು ಒಂದು. ನಾವು ಬಂದಿದ್ದೇವೆ, ನಿನ್ನ ಹೊಟ್ಟೆಯೊಳಗೆ ಕೈ ಹಾಕುತ್ತಿದ್ದೇವೆ, ಸಿಟ್ಟಾಗಬೇಡ ಎಂದು ಅರ್ಥ. ಹೊಸ ಲಿಫ್ಟು ಬಂದ ಮೇಲೆ ಆ ಗೂಡು ದಾರಿಗೆ ಸಿಗದಂತಾಯಿತು. ಹಾಗೆಂದು ರೂಢಿ ಬಿಡಲಾದೀತೆ? ಪ್ರತಿಯೊಬ್ಬನೂ ತಾನು ನಿಂತ ಜಾಗದಲ್ಲೇ ಬಡಿಯತೊಡಗಿದ.

ಹುಲುಗಪ್ಪ ಇನ್ನೂ ಮುಂದೆ ಹೋಗಿ ಅದನ್ನು ಮನೆಗೂ ತಂದಿದ್ದ. ಸಂಜೆ ಬಂದವನು ಬಾಗಿಲ ಚೌಕಟ್ಟಿಗೆ ಬೆರಳ ಗೆಣ್ಣಿನಿಂದ ಎರಡು, ತಡೆದು ಒಂದು ಬಡಿಯುತ್ತಿದ್ದ. ಒಳಗಿನಿಂದ ಅವನ ತಾಯಿ ಈರಮ್ಮ, “ಬಂದ್ಯಾ ಯಪ್ಪಾ?” ಎನ್ನಬೇಕು. “ಬಂದೆ ಯವ್ವಾ” ಎಂದು ಅವನು ಹೊಸ್ತಿಲು ದಾಟಬೇಕು. ಈರಮ್ಮ ಒಳಗೆ ಕೈಕೆಲಸದಲ್ಲಿದ್ದು ಉತ್ತರ ತಡವಾದರೆ ಅಷ್ಟು ಹೊತ್ತೂ ಅವನು ಹೊರಗೇ ನಿಂತಿರುತ್ತಿದ್ದ. ಮೈಯೆಲ್ಲ ಗಣಿಯ ಧೂಳು ಮೆತ್ತಿಕೊಂಡು ಹಾಗೆ ನಿಂತವನನ್ನು ಕಂಡರೆ ಪಂಪಾವತಿಗೆ ನಗು ತಡೆಯುತ್ತಿರಲಿಲ್ಲ.

ಆದರೆ ಈ ಬಡಿತ ದೊಡ್ಡಕಿವಿಯ ತಲೆ ಕೆಡಿಸಿತು. ನೂರಾರು ಜನ ಒಟ್ಟಿಗೆ ಬಡಿದರೆ ಅದು ಬಂಡೆ ಬಿರಿಯುತ್ತಿದೆ ಎಂದು ತಿಳಿದು ಹಳದಿ ದೀಪ ಹಾಕುತ್ತಿತ್ತು. ಇಡೀ ಪಾಳಿ ಮೇಲೆ ಬರುವುದು, ಏನಿಲ್ಲವೆಂದು ಮತ್ತೆ ಇಳಿಯುವುದು. ಗಣಿಯ ಮುಖ್ಯ ಎಂಜಿನಿಯರ್ ವಾದಿರಾಜರು ಒಂದು ದಿನ ಪಂಪಾವತಿಯನ್ನು ಕರೆದು, “ಏನ್ರೀ ಇದು, ದೇವರಿಗೆ ನಮಸ್ಕಾರ ಮಾಡಿದ್ರ ಗಣಿ ಬಂದ್ ಮಾಡೂ ಯಂತ್ರ? ಆ ಬಡಿತ ಒಂದು ಬಿಟ್ಟುಬಿಡು ಅಂತ ಕಲಸ್ರಿ ಅದಕ್ಕ” ಎಂದರು.

ಅವಳು ಕಲಿಸಿದಳು. ಹತ್ತಾರು ಕೈಗಳ ಬಡಿತವನ್ನು ಕೇಳಿಸಿ, ಇದು ಬಿರುಕಲ್ಲ, ಮನುಷ್ಯರ ನಮಸ್ಕಾರ, ಇದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದಳು. ‘ಗಣಿಯ ಎಲ್ಲ ಕಡೆಯೂ ಬಿಟ್ಟುಬಿಡಲೇ?’ ಎಂದು ಪರದೆ ಕೇಳಿತು. ಎಲ್ಲ ಕಡೆಯೂ ಬಡಿಯುತ್ತಾರಲ್ಲ, ಅವಳು ‘ಹೌದು’ ಒತ್ತಿದಳು. ಮರುದಿನದಿಂದ ದೀಪಗಳು ಹಸಿರಾಗಿಯೇ ಉಳಿದವು. ವಾದಿರಾಜರು ಪೇಢೆ ತರಿಸಿ ಹಂಚಿದರು.

ಒಂದೇ ಒಂದು ತೊಡಕಿತ್ತು. ಅದಕ್ಕೂ ಮುಂಚೆ ಹುಲುಗಪ್ಪನ ಬಡಿತ ಪರದೆಯ ಮೇಲೆ ಅವಳಿಗೆ ಕಾಣುತ್ತಿತ್ತು. ತಳದ ಸುರಂಗದ ಕೊನೆಯ ಗೆರೆಯಲ್ಲಿ ಎರಡು ಮುಳ್ಳು ಎದ್ದು, ಸ್ವಲ್ಪ ಬಿಟ್ಟು ಇನ್ನೊಂದು. ಅವನು ತಲುಪಿದ ಎಂದು ಅವಳ ಎದೆ ಹಗುರಾಗುತ್ತಿತ್ತು. ಸಂಜೆ ಅವನು ಊಟಕ್ಕೆ ಕೂತಾಗ ಕೇಳುವ ಮೊದಲ ಮಾತೇ ಅದು.

“ಇವತ್ತು ಕೇಳಿಸ್ತೇನು?”

ಪರದೆಯಿಂದ ಆ ಮುಳ್ಳುಗಳು ಮಾಯವಾದ ದಿನವೂ ಅವನು ಹಾಗೇ ಕೇಳಿದ. ಅವಳು ಇಲ್ಲ ಎನ್ನಲು ಹೊರಟು ಅವನ ಮುಖ ನೋಡಿದಳು. ದಿನವಿಡೀ ಕತ್ತಲಲ್ಲಿ ದುಡಿದು ಬಂದವನು ಆ ಒಂದು ಉತ್ತರಕ್ಕಾಗಿ ಚಿಕ್ಕ ಮಗುವಿನಂತೆ ಕಾಯುತ್ತಿದ್ದ.

“ಹ್ಞೂಂ, ಕೇಳಿಸ್ತು. ಜೋರಾಗೇ ಬಡದೀರಿ” ಎಂದಳು.

ಅಂದಿನಿಂದ ದಿನಾ ಅದೇ ಮಾತು. ಹೇಳಿ ಹೇಳಿ ಅದು ಸುಳ್ಳೆಂಬುದು ಅವಳಿಗೇ ಮರೆತುಹೋಯಿತು. ಅವನು ಬಡಿದರೆ ತನಗೆ ತಿಳಿಯುತ್ತದೆ ಎಂದು ಅವಳೂ ನಂಬಿಬಿಟ್ಟಿದ್ದಳು.

ಕುಸಿತವಾದ ದಿನ ದೊಡ್ಡಕಿವಿ ತನ್ನ ಕೆಲಸ ಸರಿಯಾಗಿಯೇ ಮಾಡಿತು. ಹಳದಿ ಹಾಕಿತು. ಕೆಳಗೆ ರೂಢಿಯಂತೆ ಚಹಾ ಮುಗಿಸುತ್ತ ಕೂತವರು ಕೂತೇ ಇದ್ದರು. ಆದರೆ ಆ ದಿನ ಹಳದಿಯ ಬೆನ್ನಿಗೇ ಕೆಂಪು ಬಂತು. ಬಂಡೆಗೆ ಅರ್ಧ ತಾಸಿನ ಕರಾರು ಯಾರು ಬರೆದುಕೊಟ್ಟಿದ್ದರು? ಓಡಿದವರು ಬದುಕಿದರು. ತಳದ ಸುರಂಗದ ಕೊನೆಯಲ್ಲಿದ್ದ ಮೂವರು ಬರಲಿಲ್ಲ. ಪಾಳಿ ನಡೆಸುವ ಮುಕಾದಮ ಖಾಜಾಸಾಬ, ತಿಪ್ಪಣ್ಣ, ಹುಲುಗಪ್ಪ.

ನಿಯಂತ್ರಣ ಕೊಠಡಿಯಲ್ಲಿ ಪಂಪಾವತಿ ಪರದೆಯ ಮುಂದಿನಿಂದ ಏಳಲಿಲ್ಲ. ಸಿಕ್ಕಿಕೊಂಡವರನ್ನು ಮುಟ್ಟಲು ಎರಡು ದಾರಿಗಳಿದ್ದವು. ಹೊಸ ಸುರಂಗದ ಕಡೆಯಿಂದ ಆಧಾರ ಕೊಟ್ಟುಕೊಂಡು ನಿಧಾನವಾಗಿ ಅಗೆಯುವುದು ಒಂದು. ದುರುಗಮ್ಮನ ಗೂಡಿರುವ ಹಳೇ ಸುರಂಗದಿಂದ ನುಗ್ಗುವುದು ಇನ್ನೊಂದು. ಅದು ಹತ್ತಿರದ್ದು, ಆದರೆ ಅಲ್ಲಿಯ ಬಂಡೆ ಸಡಿಲ, ಅಗೆಯುವವರ ಮೇಲೇ ಬೀಳಬಹುದು. ಒಳಗೆ ಜೀವವಿದೆ ಎಂದು ಖಾತ್ರಿಯಾದರೆ ಮಾತ್ರ ಆ ದಾರಿಗೆ ಜನರನ್ನು ಕಳಿಸುವುದೆಂದು ವಾದಿರಾಜರು ನಿರ್ಧರಿಸಿದ್ದರು. ಆ ಖಾತ್ರಿ ದೊಡ್ಡಕಿವಿಯಿಂದಲೇ ಬರಬೇಕಿತ್ತು.

“ಏನರೆ ಸದ್ದು?” ಎಂದು ವಾದಿರಾಜರು ಮತ್ತೆ ಮತ್ತೆ ಬಂದು ಕೇಳುತ್ತಿದ್ದರು.

“ಇಲ್ರಿ ಸರ್.”

“ನೀವು ಮನಿಗೆ ಹೋಗ್ರಿ ಪಂಪಾವತಿ. ಬ್ಯಾರೆ ಯಾರನ್ನರೆ ಕೂಡಸ್ತೀನಿ.”

“ಬ್ಯಾಡ್ರಿ ಸರ್. ಅವರು ಬಡದ್ರ ನಂಗ ಗೊತ್ತಾಗ್ತೈತಿ. ಬ್ಯಾರೆಯವರಿಗೆ ಗೊತ್ತಾಗಂಗಿಲ್ಲ.”

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ಎರಡು ಮುಳ್ಳು ಏಳಲಿ, ತಡೆದು ಒಂದು ಏಳಲಿ ಎಂದು ದುರುಗಮ್ಮನಿಗೆ ಹರಕೆ ಹೊತ್ತಳು. ಪರದೆ ಕೆರೆಯ ನೀರಿನಂತೆ ಸಪಾಟಾಗಿತ್ತು. ಬಂಡೆ ಕುಸಿದು ಕೂತಿದ್ದರಿಂದ ಅಪಾಯ ಮುಗಿಯಿತೆಂದು ತಿಳಿದ ಯಂತ್ರ ಕಾಲೊನಿಯ ದೀಪಗಳನ್ನೆಲ್ಲ ಮತ್ತೆ ಹಸಿರು ಮಾಡಿತ್ತು. ಮರುದಿನ ರಾತ್ರಿಯವರೆಗೂ ಸದ್ದಿಲ್ಲದಾಗ, ಅಗೆತ ಸುರಕ್ಷಿತ ದಾರಿಯಿಂದಲೇ ಸಾಗಲಿ ಎಂದು ತೀರ್ಮಾನವಾಯಿತು. ಜೀವವಿಲ್ಲದವರಿಗಾಗಿ ಇನ್ನಷ್ಟು ಜೀವ ಕೊಡುವುದು ಬೇಡ ಎಂದು ಯಾರೋ ಅಂದರು. ಅದು ತಪ್ಪು ಮಾತೇನಲ್ಲ. ಪಂಪಾವತಿಯೇ ತಲೆಯಾಡಿಸಿ ಕೈಚೆಲ್ಲಿ ಎದ್ದಳು.

ಮನೆಗೆ ಬಂದರೆ ಅಂಗಳದ ತುಂಬ ಹೆಂಗಸರು. ಅಳಲು ಬಂದವರಿಗೆ ಅಳಲು ಬಿಡದೆ ಈರಮ್ಮ ಹೊಸ್ತಿಲಿಗೆ ಅಡ್ಡ ಕೂತಿದ್ದಳು. ಅವಳ ತಲೆಯ ಮೇಲೆ ಗೋಡೆಯ ದೀಪ ಹಸಿರಾಗಿ ಉರಿಯುತ್ತಿತ್ತು.

“ಏನಂತೈತಿ ನಿನ್ನ ದೊಡ್ಡಕಿವಿ?” ಎಂದಳು ಈರಮ್ಮ.

“ಸದ್ದಿಲ್ಲತ್ತಿ.”

“ಸದ್ದಿಲ್ಲಂದ್ರ?”

“ಅವರು ಬಡಿಯಾಕತ್ತಿಲ್ಲ.” ಎಂದಳು ಪಂಪಾವತಿ.

“ಸುಳ್ಳು! ನನ್ನ ಮಗ ಸುಮ್ಮನ ಕುಂದರಾಂವಲ್ಲ. ಕೈ ಒಂದಽ ಉಳದಿದ್ರೂ ಬಡೀತಾನ.” ಈರಮ್ಮ ಎದ್ದು ಚೌಕಟ್ಟಿಗೆ ಗೆಣ್ಣಿನಿಂದ ಬಡಿದು ತೋರಿಸಿದಳು. ಎರಡು, ತಡೆದು ಒಂದು. “ಹಿಂಗ ಬಡೀತಾನ. ಇದು ಬರಲಿಲ್ಲೇನು ನಿನ್ನ ಕಿವಿಗೆ?”

“ಅದು ಬಂದಿದ್ರ ನಾ ಇಲ್ಲ್ಯಾಕ...” ಎಂದವಳು ಅಲ್ಲಿಗೇ ನಿಂತಳು.

ಆ ಮೂರು ಮುಳ್ಳುಗಳನ್ನು ತಾನು ಪರದೆಯ ಮೇಲೆ ಕೊನೆಗೆ ನೋಡಿದ್ದು ಯಾವಾಗ? ನೆನಪಾಯಿತು. ‘ಎಲ್ಲ ಕಡೆಯೂ ಬಿಟ್ಟುಬಿಡಲೇ?’ ‘ಹೌದು.’ ಅವಳಿಗೆ ಜೀವನದಲ್ಲಿ ಅಂಥ ಹೆದರಿಕೆ ಆಗಿರಲಿಲ್ಲ. ಗಂಡ ಸತ್ತಿರಬಹುದು ಎಂಬ ಹೆದರಿಕೆಯಲ್ಲ ಅದು. ಅವನು ಸತ್ತಿರಲಿಕ್ಕಿಲ್ಲ ಎಂಬ ಹೆದರಿಕೆ.

ಸೆರಗು ಸೊಂಟಕ್ಕೆ ಸಿಕ್ಕಿಸಿ ಪಂಪಾವತಿ ಓಡಿದಳು. ದೊಡ್ಡಕಿವಿ ಬಂದ ಮೇಲೆ, ಗೋಡೆಯ ದೀಪ ಹಸಿರಿದ್ದಾಗ, ಆ ಕಾಲೊನಿಯ ಹೆಣ್ಣೊಬ್ಬಳು ಗಣಿಯ ಕಡೆ ಹಾಗೆ ಓಡಿದ್ದು ಅದೇ ಮೊದಲು.

ಬೇಡವೆಂದು ಬಿಟ್ಟ ಸದ್ದುಗಳನ್ನು ಯಂತ್ರ ಕೆಲವು ದಿನ ಒಂದು ಮೂಲೆಯಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಯಾರೂ ತೆರೆದು ನೋಡಿದ್ದಿಲ್ಲ. ಅವಳು ತೆರೆದಳು. ಕುಸಿತವಾದ ಗಳಿಗೆಯಿಂದ ಹಿಡಿದು, ತಳದ ಸುರಂಗದ ಕೊನೆಯಿಂದ, ಸಾಲು ಸಾಲಾಗಿ ಮುಳ್ಳುಗಳು. ಎರಡು, ಒಂದು. ಎರಡು, ಒಂದು. ಧ್ವನಿ ಹಾಕಿದಾಗ ಕೊಠಡಿಯಲ್ಲಿದ್ದವರೆಲ್ಲ ಎದ್ದು ನಿಂತರು. ವಾದಿರಾಜರು ಕುರ್ಚಿಯ ಬೆನ್ನು ಹಿಡಿದುಕೊಂಡರು.

ಮೊದಲ ದಿನದ ಬಡಿತ ಗಟ್ಟಿಯಾಗಿತ್ತು. ಪ್ರತಿ ಸಲವೂ ಬಡಿದು ನಿಂತು ಕಾದಿದ್ದ, ಮತ್ತೆ ಬಡಿದಿದ್ದ. ಮರುದಿನದ್ದು ಮೆಲ್ಲಗೆ. ಎರಡರ ಆಮೇಲಿನ ಒಂದು ಬರಲು ತುಂಬ ಹೊತ್ತು ಹಿಡಿಯುತ್ತಿತ್ತು. ಆಮೇಲೆ ಕೈ ಬದಲಾದಂತೆ ಕೇಳಿಸಿತು. ಅಷ್ಟು ವರ್ಷ ಆ ಬಡಿತ ಕೇಳಿದವಳಿಗೆ ಅದು ಗಂಡನ ಕೈಯಲ್ಲ ಎಂದು ಗೊತ್ತಾಯಿತು. ಯಾರಿಗೂ ಹೇಳಲಿಲ್ಲ.

“ಯಾರೋ ಒಬ್ಬರು ಇನ್ನೂ ಬಡಿಯಾಕತ್ಯಾರ್ರಿ ಸರ್” ಎಂದಳು. “ಹಳೇ ಸುರಂಗದಿಂದ ಹೋಗ್ರಿ.”

ಜೀವದ ಹಂಗು ತೊರೆದು ಜನ ನುಗ್ಗಿದರು. ಬೆಳಗಾಗುವಷ್ಟರಲ್ಲಿ ಖಾಜಾಸಾಬರನ್ನು ಜೀವಂತ ಹೊರಗೆ ತಂದರು. ತಿಪ್ಪಣ್ಣ ಮೊದಲ ಏಟಿಗೇ ಹೋಗಿದ್ದ. ಹುಲುಗಪ್ಪ ಹೋಗಿದ್ದು ಹಿಂದಿನ ಸಂಜೆ, ಅವಳು ಪರದೆಯ ಮುಂದೆ ಕೂತು ಸದ್ದಿಲ್ಲ ಎನ್ನುತ್ತಿದ್ದಾಗ.

ಆಸ್ಪತ್ರೆಯಲ್ಲಿ ಖಾಜಾಸಾಬ ಅವಳನ್ನು ಹತ್ತಿರ ಕರೆದರು. ಸಾಯುವವನ ಮಾತನ್ನು ಅವನ ಹೆಂಡತಿಗೆ ಮುಟ್ಟಿಸಿದರೆ ಅವಳಿಗೆ ಸಮಾಧಾನವಾದೀತು ಎಂದುಕೊಂಡಿದ್ದರು ಆ ಒಳ್ಳೆಯ ಮನುಷ್ಯ.

“ಅವನ ಕಾಲು ಕಲ್ಲಿನ ಕೆಳಗ ಸಿಕ್ಕಿತ್ತು ಮಗಳ. ಕೈಯಾಗ ಸಲಾಕಿ ಇತ್ತು. ಸುಮ್ಮನಿರು ಹುಲುಗಾ, ತ್ರಾಣ ಉಳಿಸ್ಕೋ ಅಂದೆ. ಕೇಳಲಿಲ್ಲ. ‘ಕಾಕಾ, ಮ್ಯಾಲ ಪಂಪಿ ಕುಂತಾಳ. ದಿನಾ ಕೇಳಸ್ತೈತಿ ಅಂತಾಳ. ಇವತ್ತ ನಾ ಬಡೀಲಿಲ್ಲಂದ್ರ ಅಂಜ್ತಾಳ’ ಅಂದ. ನೀ ಅಂಜಬಾರದು ಅಂತ ಬಡದ ಮಗಳ. ಕೈ ಸೋತ ಮ್ಯಾಲ ಸಲಾಕಿ ನನ್ನ ಕೈಗೆ ಕೊಟ್ಟು, ಬಿಡಬ್ಯಾಡ ಅಂದ.” ಮುದುಕರು ಉಸಿರೆಳೆದುಕೊಂಡು ಕೇಳಿದರು, “ನಿಂಗ ಕೇಳಿಸ್ತಿತ್ತಲ್ಲ?”

ಹೌದೆಂದರೆ ಅವರಿಗೆ ಸಮಾಧಾನ. ಅದೊಂದೇ ಮಾತು ಅವಳ ನಾಲಗೆಗೆ ರೂಢಿಯಾಗಿತ್ತು.

“ಇಲ್ಲ ಕಾಕಾ” ಎಂದಳು ಪಂಪಾವತಿ. “ಭಾಳ ದಿನದಿಂದ ಕೇಳಿಸ್ತಿದ್ದಿಲ್ಲ. ಸುಳ್ಳು ಹೇಳ್ತಿದ್ದೆ.”

ಮಣ್ಣು ಕೊಟ್ಟು ಬಂದ ಮೇಲೆ ಅತ್ತೆಗೂ ಅದನ್ನೇ ಹೇಳಿದಳು, ಒಂದನ್ನೂ ಮುಚ್ಚಿಡದೆ. ಈರಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಚೌಕಟ್ಟನ್ನೇ ನೋಡುತ್ತ, “ಕೇಳಿಸ್ತು ಅಂತ ಸಂಜಿಗೆ ಹೇಳಿದ್ರ ಆತೇನು? ಬಡದಾಗ ಹೇಳಬೇಕಿತ್ತು” ಎಂದಳು. ಎದ್ದು ಹೋಗಿ ಗೋಡೆಯ ಹಸಿರು ದೀಪಕ್ಕೆ ಒಂದು ಬಟ್ಟೆ ಸುತ್ತಿದಳು. ಆಮೇಲೆ ಸೊಸೆಯೊಡನೆ ಮಾತು ನಿಲ್ಲಿಸಿದಳು. ರೊಟ್ಟಿ ಬಡಿಯುತ್ತಿದ್ದಳು, ಬಡಿಸುತ್ತಿದ್ದಳು, ಮಾತಿಲ್ಲ.

ಗಣಿಯನ್ನು ಹೆದರಿಕೆ ಹಿಡಿಯಿತು. ಬಿಟ್ಟುಬಿಡು ಎಂದು ಕಲಿಸಿದ್ದನ್ನೆಲ್ಲ ಕಿತ್ತುಹಾಕಿದ್ದರಿಂದ ದೊಡ್ಡಕಿವಿ ಸಣ್ಣ ಸದ್ದಿಗೂ ಬೆಚ್ಚಿ ದೀಪ ಹಾಕತೊಡಗಿತು. ದಿನವೆಲ್ಲ ಹಳದಿ. ಹೆಂಗಸರು ಮತ್ತೆ ಓಡಿದರು. ಗಂಡಸರು ಇಳಿಯಲು ಒಪ್ಪಲಿಲ್ಲ, ಇಳಿದವರ ಕೈ ನಡುಗುತ್ತಿತ್ತು. ನಡುಗುವ ಕೈಯಿಂದ ಕಲ್ಲಿನ ಕೆಲಸ ಮಾಡಿದರೆ ಅದೂ ಸಾವೇ. ಯಂತ್ರ ತಪ್ಪು ಮಾಡಿತೆಂದು ವರದಿ ಕೊಟ್ಟು ಹೊಸದು ತರಿಸೋಣವೆಂದರು ವಾದಿರಾಜರು.

“ಯಂತ್ರದ ತಪ್ಪಿಲ್ರಿ ಸರ್” ಎಂದಳು ಪಂಪಾವತಿ. “ಅದಕ್ಕ ಕೇಳಿಸ್ತಿತ್ತು. ಬ್ಯಾಡ ಅಂದಾಕಿ ನಾನು. ಹೊಸದು ತಂದ್ರ ಹೊಸದಕ್ಕೂ ನಾಳೆ ಇನ್ನೇನರ ಬ್ಯಾಡ ಅಂತೀವಿ.”

“ಹಂಗಾದ್ರ ಏನ್ ಮಾಡೂದು?”

ಅತ್ತೆಯ ಆ ಕೊನೆಯ ಮಾತು ಅವಳ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಮನೆಯಲ್ಲಿ ಅವನು ಬಡಿದರೆ ಉತ್ತರ ಬರುತ್ತಿತ್ತು. ಬರುವ ತನಕ ಅವನು ಹೊಸ್ತಿಲು ದಾಟುತ್ತಿರಲಿಲ್ಲ. ಗಣಿಯಲ್ಲಿ ಯಾರೂ ಉತ್ತರ ಕೊಡುತ್ತಿರಲಿಲ್ಲ. ಕೇಳಿಸಿತೆಂದು ನಂಬಿಕೊಂಡು ಬಡಿಯುವವರು, ಕೇಳಿಸಿತೆಂದು ನಂಬಿಸುವವರು, ಇಷ್ಟೇ ಇದ್ದರು.

ಕೆಲಸ ನಡೆಯುವ ಪ್ರತಿ ಜಾಗದ ಬಂಡೆಗೂ ಅವಳು ಒಂದು ಸಣ್ಣ ಸುತ್ತಿಗೆ ಹಾಕಿಸಿದಳು. ಮೇಲೆ ಗುಂಡಿ ಒತ್ತಿದರೆ ಕೆಳಗೆ ಸುತ್ತಿಗೆ ಬಡಿಯುತ್ತದೆ. ಬಿರುಕಿನ ಲೆಕ್ಕ ಯಂತ್ರ ನೋಡಿಕೊಳ್ಳಲಿ, ಆದರೆ ಮನುಷ್ಯರ ಬಡಿತವನ್ನು ಮನುಷ್ಯರೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೇಳಬೇಕು, ತಮ್ಮ ಬೆರಳಿಂದಲೇ ಉತ್ತರ ಕೊಡಬೇಕು. ಉತ್ತರ ಬರದಿದ್ದರೆ ಕೆಳಗಿನವನು ಸಲಾಕೆ ಎತ್ತದೆ ವಾಪಸು ಬರಬೇಕು. ಹಳದಿ ಬಿದ್ದರೆ ಚಹಾ ಅಲ್ಲೇ ಚೆಲ್ಲಿ ಎದ್ದು, ಲಿಫ್ಟು ಹತ್ತುವ ಮುಂಚೆ ಪ್ರತಿಯೊಬ್ಬನೂ ಬಡಿಯಬೇಕು. ಇಷ್ಟು ಜನರಿಗೆ ಉತ್ತರ ಕೊಡುತ್ತ ಕೂತರೆ ಕೆಲಸದ ಹೊತ್ತು ಹಾಳೆಂದು ವಾದಿರಾಜರು ಗೊಣಗಲು ಹೊರಟು, ಆ ದಿನದ ಧ್ವನಿ ನೆನಪಾಯಿತೋ ಏನೋ, ರುಜು ಹಾಕಿಕೊಟ್ಟರು. ಕೇಳುವ ಕೆಲಸಕ್ಕೆ ಕಾಲೊನಿಯ ಹೆಂಗಸರು ಬಂದರು. ಗಣಿಯ ಬಾಯಿಗೆ ಓಡುತ್ತಿದ್ದವರು ಈಗ ಸಾಲಾಗಿ ಕೂತು ಕಿವಿಗೊಟ್ಟರು. ಹೆದರಿಕೆ ಹೋಗಲಿಲ್ಲ. ಹೆದರಿಕೆಗೆ ಮಾಡಲು ಒಂದು ಕೆಲಸ ಸಿಕ್ಕಿತು.

ಪಂಪಾವತಿಯ ಎದೆಯ ಭಾರ ಇದರಿಂದ ಒಂದು ಗುಂಜಿಯೂ ಇಳಿಯಲಿಲ್ಲ. ಒಂದೊಂದು ಉತ್ತರ ಕೊಡುವಾಗಲೂ, ಇದೊಂದು ಅಂದು ಕೊಟ್ಟಿದ್ದರೆ ಎಂದು ಒಳಗೊಳಗೇ ಬೇಯುತ್ತಿದ್ದಳು.

ಒಂದು ಬೆಳಿಗ್ಗೆ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಈರಮ್ಮ ನಿಂತಿದ್ದಳು. ಒಗೆದ ಇಳಕಲ್ ಸೀರೆ ಉಟ್ಟು, ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದಳು.

“ನನ್ನ ಕಿವಿ ಇನ್ನೂ ಚೊಲೋ ಅದಾವ” ಎಂದಳು. ಅಷ್ಟು ದಿನದ ಮೇಲೆ ಸೊಸೆಯೊಡನೆ ಆಡಿದ ಮೊದಲ ಮಾತು. “ನಂಗೂ ಒಂದು ಜಾಗಾ ಕೊಡು.”

ಪಂಪಾವತಿ ತನ್ನ ಪಕ್ಕದ ಕುರ್ಚಿ ಎಳೆದು ಕೊಟ್ಟಳು. ಸೆರಗಿನ ಮೇಲೆಯೇ ಹೆಡ್‌ಫೋನ್ ತೊಡಿಸಿದಳು. ಎರಡು, ತಡೆದು ಒಂದು ಬಂದರೆ ಈ ಗುಂಡಿ ಒತ್ತಬೇಕೆಂದು ತೋರಿಸಿದಳು. ಈರಮ್ಮ ಕಣ್ಣು ಮುಚ್ಚಿಕೊಂಡಳು. ಪಂಪಾವತಿ ತನ್ನದನ್ನೂ ಹಾಕಿಕೊಂಡು ಕೂತಳು. ನೀರು ತೊಟ್ಟಿಕ್ಕುವ ಸದ್ದು, ಎಲ್ಲೋ ಬಂಡಿಯ ಗಾಲಿಯ ಸದ್ದು.

ಆಮೇಲೆ ತಳದ ಸುರಂಗದಿಂದ, ಹುಲುಗಪ್ಪನ ಜಾಗಕ್ಕೆ ಬಂದ ಹೊಸಬನ ಬಡಿತ ಬಂತು. ಎರಡು. ತಡೆದು, ಒಂದು.

“ಬಂದ್ಯಾ ಯಪ್ಪಾ?” ಎಂದಳು ಈರಮ್ಮ.

ಹೇಳಿದ ಮೇಲೆ ಕಣ್ಣು ತೆರೆದು, ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಕೈ ಗುಂಡಿಯ ಮೇಲಿತ್ತು, ಒತ್ತುವ ಶಕ್ತಿ ಬೆರಳಿಗೆ ಇರಲಿಲ್ಲ. ಕೆಳಗಿನವನು ಕಾಯುತ್ತಿದ್ದ. ಪಂಪಾವತಿ ಅತ್ತೆಯ ಬೆರಳ ಮೇಲೆ ತನ್ನ ಬೆರಳಿಟ್ಟಳು. ಈರಮ್ಮ ಕೈ ಹಿಂದಕ್ಕೆಳೆಯಲಿಲ್ಲ. ಇಬ್ಬರೂ ಸೇರಿ ಒತ್ತಿದರು, ಎರಡು ಸಲ, ತಡೆದು ಒಂದು ಸಲ.

ಕೆಳಗೆ ಯಾರೋ ಒಬ್ಬಳ ಮಗ ಸಲಾಕೆ ಎತ್ತಿಕೊಂಡು ಕೆಲಸಕ್ಕೆ ಹೋದ.